ತೆರೆಯದ ಪತ್ರಕ್ಕೆ ನಕ್ಕವಳು

"ಮದುವೆ ಆಗ್ತೀರಾ ಅಂತ ಕೇಳಿದ್ದಕ್ಕೆ ನಗು ಬಂತು ಅಂದ್ರಲ್ಲ ಮೇಡಂ, ಅದಾದ್ಮೇಲೆ ನಾನು ಇನ್ನೇನಂತ ಬರೀಲಿ?"

ಲಿಫ್ಟ್ ರಿಪೇರಿಯವರು ಇಷ್ಟು ಹೇಳಿ ಸರ್ವಿಸ್ ಪುಸ್ತಕವನ್ನು ನನ್ನ ಮುಂದೆ ಹಿಡಿದರು. ಸಹಿ ಹಾಕಬೇಕಾದ ಜಾಗವನ್ನು ಪೆನ್ನಿನಿಂದ ತೋರಿಸಿದರು. ನಾನು ಹಾಕಿದೆ. ಹೇಗೆ ಹಾಕಿದೆನೋ ದೇವರಿಗೇ ಗೊತ್ತು, ಆಮೇಲೆ ನೋಡಿದರೆ ಅದು ನನ್ನ ಸಹಿಯ ಹಾಗೇ ಇರಲಿಲ್ಲ.

"ಏನು ಕೇಳಿದ್ರಿ?" ಎಂದೆ.

"ಮತ್ತೆ ಹೇಳಿಸ್ಬೇಡಿ. ಒಂದ್ಸಲ ನಕ್ಕಿದ್ದು ಸಾಕು."

"ಅಲ್ಲ, ನಾನು..."

"ಅತ್ತಿಗೆಗೂ ಓದಿ ಹೇಳಿದೆ, ಅವರೂ ನಕ್ಕರು ಅಂದ್ರಿ. ಹೋಗ್ಲಿ ಬಿಡಿ. ನಗೋ ಹಾಗೇ ಬರೆದಿದ್ದೆ ಅನ್ಸುತ್ತೆ." ಅವರು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ಇನ್ಮೇಲೆ ಈ ಕಟ್ಟಡಕ್ಕೆ ಬೇರೆಯವರು ಬರ್ತಾರೆ. ನಾನೇ ಕೇಳ್ಕೊಂಡು ಬೇರೆ ಊರಿಗೆ ಹಾಕಿಸ್ಕೊಂಡಿದ್ದೀನಿ. ನಾಳೆ ಬೆಳಗ್ಗೆ ರೈಲು. ಪಾರ್ಕಿನ ಆಚೆ ಕ್ಲಿನಿಕ್ಕುಗಳ ಕಟ್ಟಡ ಇದೆಯಲ್ಲ, ಅಲ್ಲಿಯದೊಂದು ಮುಗಿಸಿದ್ರೆ ಇಲ್ಲಿನ ಕೆಲಸ ಮುಗೀತು. ಬರ್ತೀನಿ."

ಲಿಫ್ಟಿನ ಬಾಗಿಲು ಮುಚ್ಚಿತು. ತಾವೇ ರಿಪೇರಿ ಮಾಡಿದ ಲಿಫ್ಟಿನಲ್ಲಿ ಅವರು ಇಳಿದು ಹೋದರು. ಬಾಗಿಲ ಮೇಲಿನ ದೀಪ ನಾಲ್ಕು, ಮೂರು, ಎರಡು ಎಂದು ತೋರಿಸುವುದನ್ನು ನೋಡುತ್ತ ನಿಂತೆ.  

ಏಕೆಂದರೆ ಆ ಪತ್ರವನ್ನು ನಾನು ಓದಿಯೇ ಇರಲಿಲ್ಲ.

*

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಪೆದ್ದುತನದ ಪೂರ್ತಿ ರುಚಿ ನಿಮಗೆ ಸಿಗುವುದಿಲ್ಲ.

ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆ ಇಟ್ಟುಕೊಂಡು ನಾನೂ ನನ್ನ ಅತ್ತಿಗೆಯೂ ಒಂದು ಕಚೇರಿ ನಡೆಸುತ್ತೇವೆ. ಕ್ರಿಪ್ಟೋ ವಾಲೆಟ್, ಅಂದರೆ ಫೋನಿನಲ್ಲಿಡುವ ಡಿಜಿಟಲ್ ದುಡ್ಡಿನ ಚೀಲ, ಕಳೆದುಕೊಂಡವರು ನಮ್ಮಲ್ಲಿಗೆ ಬರುತ್ತಾರೆ. ಫೋನ್ ನೀರಿಗೆ ಬಿದ್ದವರು, ಪಾಸ್‌ವರ್ಡ್ ಮರೆತವರು, ಬರೆದಿಟ್ಟ ಚೀಟಿಯನ್ನು ಹಳೇ ಪೇಪರಿನ ಜೊತೆ ಮಾರಿದವರು. ಪ್ರತಿ ವಾಲೆಟ್ಟಿಗೂ ಎರಡು ಕೀಲಿ. ಒಂದು ಪಬ್ಲಿಕ್, ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದು ಪ್ರೈವೇಟ್, ಅದು ಹನ್ನೆರಡು ಪದಗಳಿಂದ ಹುಟ್ಟುತ್ತದೆ, ಅದನ್ನು ಹೆತ್ತ ತಾಯಿಗೂ ಹೇಳಬಾರದು. ಪಬ್ಲಿಕ್ ಕೀ ಅಂದರೆ ನಾವು ಊರಿಗೆಲ್ಲ ಹಂಚಿದ ಬಾಯಿ ತೆರೆದ ಬೀಗ ಎಂದುಕೊಳ್ಳಿ. ಯಾರು ಬೇಕಾದರೂ ಅದರಲ್ಲಿ ಒಂದು ಮಾತಿಟ್ಟು ಒತ್ತಿ ಮುಚ್ಚಬಹುದು. ಮುಚ್ಚಿದ ಮೇಲೆ ತೆಗೆಯುವುದು ನಾವೊಬ್ಬರೇ. ಮುಚ್ಚಿದವರಿಗೂ ಆಗುವುದಿಲ್ಲ.

ಅದಕ್ಕೇ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ. ವಾಲೆಟ್ ಸರಿಯಾದ ಮೇಲೆ ಗಿರಾಕಿಯ ಪಬ್ಲಿಕ್ ಕೀಗೆ ಒಂದು ವಾಕ್ಯವನ್ನು ಬೀಗ ಹಾಕಿ ಕಳಿಸುತ್ತೇವೆ. ಅವರು ತಮ್ಮ ಫೋನಿನಲ್ಲಿ ತೆರೆದು ನಮ್ಮೆದುರು ಗಟ್ಟಿಯಾಗಿ ಓದಬೇಕು. ಓದಿದರೆ ಕೆಲಸ ಮುಗಿದಂತೆ. ಆ ವಾಕ್ಯಗಳನ್ನು ಬರೆಯುವವಳು ನಾನು. "ನಿಮ್ಮ ಅಂಗಿಯ ಗುಂಡಿ ಹೆಚ್ಚುಕಮ್ಮಿ ಆಗಿದೆ" ಎಂದು ಓದಿ ಕೆಳಗೆ ನೋಡಿಕೊಂಡವರು ಎಷ್ಟು ಜನವೋ.

ಲಿಫ್ಟಿನವರೂ ಮೊದಲು ಗಿರಾಕಿಯಾಗಿಯೇ ಬಂದದ್ದು. ನಮ್ಮ ಕಟ್ಟಡದ ಲಿಫ್ಟಿನ ಕೆಲಸ ಮಾಡುವಾಗ ಅವರ ಫೋನ್ ಜೇಬಿನಿಂದ ಜಾರಿ ಐದು ಮಹಡಿ ಕೆಳಗೆ ಗುಂಡಿಗೆ ಬಿದ್ದಿತ್ತು.

"ಹನ್ನೆರಡು ಪದ ಎಲ್ಲಿ ಬರೆದಿಟ್ಟಿದ್ದೀರಿ?" ಎಂದೆ.

ಅವರು ತಲೆ ಕೆರೆದುಕೊಂಡರು. "ಮೇಲೆ, ಮಷೀನ್ ರೂಮಿನ ಗೋಡೆ ಮೇಲೆ. ಪೆನ್ಸಿಲ್‌ನಲ್ಲಿ."

"ಗೋಡೆ ಮೇಲಾ?"

"ಅಲ್ಲಿಗೆ ನಾನು ಬಿಟ್ರೆ ಪಾರಿವಾಳ ಮಾತ್ರ ಬರೋದು ಮೇಡಂ. ಈಗ ನೋಡಿದ್ರೆ ಪೇಂಟಿನವರು ಬಂದು ಹೋಗಿದ್ದಾರೆ."

ಹತ್ತು ಪದ ಅವರಿಗೆ ನೆನಪಿತ್ತು. ಏಳನೆಯದು, ಹನ್ನೊಂದನೆಯದು ಇರಲಿಲ್ಲ. ನಾನು ಬೈಯುತ್ತಲೇ ಮಷೀನ್ ರೂಮಿಗೆ ಹತ್ತಿದೆ. ಪೆನ್ಸಿಲ್ ಒತ್ತಿ ಬರೆದಿದ್ದರೆ ಬಣ್ಣದ ಅಡಿಯಲ್ಲೂ ಗೆರೆಯ ಗುಳಿ ಇರುತ್ತದೆ, ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅವರು ಟಾರ್ಚ್ ಹಿಡಿದರು. ನಾನು ಕೆನ್ನೆಯನ್ನು ಗೋಡೆಗೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದೆ.

"ಏನಾದ್ರೂ ಕಾಣ್ತಾ?"

"ಕಾಣ್ತಾ ಇರೋದು ನಿಮ್ಮ ಕಿವಿ. ಪಕ್ಕಕ್ಕೆ ಸರೀರಿ."

ಅವರು ಸರಿದರು. ಆದರೆ ನಾನು ಆ ಕಿವಿಯನ್ನು ಇನ್ನೊಂದು ಗಳಿಗೆ ನೋಡಿದೆ. ಅದು ಕೆಂಪಗಾಗಿತ್ತು. ಅದರ ಹಿಂದೆ ಒಂದು ಚುಕ್ಕೆ ಸುಣ್ಣ ಅಂಟಿತ್ತು. ಇಷ್ಟು ವಿವರ ಒಬ್ಬ ಗಿರಾಕಿಯ ಬಗ್ಗೆ ನನಗೆ ಬೇಕಾಗಿರಲಿಲ್ಲ.

ಏಳನೆಯ ಪದ ಗೋಡೆಯಲ್ಲಿ ಸಿಕ್ಕಿತು, ಹನ್ನೊಂದನೆಯದನ್ನು ಕಂಪ್ಯೂಟರ್ ಹುಡುಕಿ ಕೊಟ್ಟಿತು. ಆಮೇಲೆ ನಾನು ಹೇಳಿದೆ, "ನಿಮ್ಮ ಪದಗಳನ್ನ ನಾನು ನೋಡಿಬಿಟ್ಟಿದ್ದೀನಿ. ಇನ್ನು ಈ ವಾಲೆಟ್ ನಿಮ್ಮದಲ್ಲ ಅಂತ ತಿಳ್ಕೊಳ್ಳಿ. ಹೊಸದು ಮಾಡಿ, ನಾನು ಬೆನ್ನು ತಿರುಗಿಸಿ ಕೂರ್ತೀನಿ." ಅವರು ಹೊಸ ಪದಗಳನ್ನು ಬರೆದುಕೊಳ್ಳುವಷ್ಟು ಹೊತ್ತು ನಾನು ಕಿಟಕಿ ನೋಡುತ್ತ ಕುಳಿತೆ. ಕಿಟಕಿಯ ಗಾಜಿನಲ್ಲಿ ಅವರು ನನ್ನ ಬೆನ್ನನ್ನೇ ನೋಡುತ್ತಿದ್ದರು.

ಪರೀಕ್ಷೆಯ ವಾಕ್ಯ ಕಳಿಸಿದೆ. ಅವರು ತೆರೆದು ಗಂಭೀರವಾಗಿ ಓದಿದರು. "ಇನ್ನು ಮುಂದೆ ಗೋಡೆ ಮೇಲೆ ಬರೆಯುವವರ ಕಿವಿ ಹಿಂಡಲಾಗುವುದು."

ಒಳಗಿನ ಕೋಣೆಯಲ್ಲಿ ಅತ್ತಿಗೆ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

"ಮೇಡಂ, ನಿಮ್ಮ ಪಬ್ಲಿಕ್ ಕೀ ಕೊಡ್ತೀರಾ?" ಎಂದರು ಲಿಫ್ಟಿನವರು.

"ಯಾಕೆ?"

"ನಿಮ್ಮದೂ ಸರಿ ಇದೆಯಾ ಅಂತ ಪರೀಕ್ಷೆ ಮಾಡ್ಬೇಕಲ್ಲ."

*

ಹೀಗೆ ಶುರುವಾದದ್ದು ಎಂಟು ತಿಂಗಳು ನಡೆಯಿತು. ವಾರಕ್ಕೆ ಎರಡೋ ಮೂರೋ ಬರುತ್ತಿದ್ದವು. ಫೋನಿನಲ್ಲಿ ನೋಡಿದರೆ ಅಕ್ಷರವೂ ಅಂಕಿಯೂ ಕಲಸಿದ ಗಂಟು. ನನ್ನ ಕೀಲಿ ಹಾಕಿದರೆ ಒಳಗೆ ಎರಡು ಸಾಲು.

"ಇವತ್ತು ಬ್ಯಾಂಕಿನ ಕಟ್ಟಡದಲ್ಲಿ ಒಬ್ಬರು ಲಿಫ್ಟಿಗೆ ಕೈ ಮುಗಿದು ಹತ್ತಿದ್ರು. ನಾನು ರಿಪೇರಿ ಮಾಡೋದನ್ನ ನೋಡಿದವರಿರಬೇಕು."

"ನೀವು ಇವತ್ತು ಕನ್ನಡಕ ತಲೆ ಮೇಲಿಟ್ಕೊಂಡು ಕನ್ನಡಕ ಹುಡುಕ್ತಾ ಇದ್ರಿ. ಹೇಳ್ಬೇಕು ಅನ್ಸಿತು. ಚೆನ್ನಾಗಿತ್ತು ಅಂತ ಹೇಳ್ಲಿಲ್ಲ."

ಎದುರು ಸಿಕ್ಕಾಗ ಮಾತ್ರ ನಾವಿಬ್ಬರೂ ಏನೂ ಅರಿಯದವರು. "ಮೇಡಂ, ಸಹಿ." "ಎಲ್ಲಿ?" "ಇಲ್ಲಿ." ಅಷ್ಟೇ. ಆದರೆ ಆ 'ಇಲ್ಲಿ' ಅನ್ನುವಾಗ ಅವರು ಪುಸ್ತಕ ನೋಡುತ್ತಿರಲಿಲ್ಲ, ನಾನೂ ನೋಡುತ್ತಿರಲಿಲ್ಲ. ಅತ್ತಿಗೆ ಒಂದು ದಿನ, "ಈ ಲಿಫ್ಟಿಗೆ ಅದೇನು ಕಾಯಿಲೆಯೇ, ವಾರ ವಾರ ಡಾಕ್ಟರು ಬರ್ತಾರೆ?" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು, "ಹಳೇ ಲಿಫ್ಟು, ಅಷ್ಟೇ ಅತ್ತಿಗೆ" ಎಂದು ಎರಡು ಸಲ ಹೇಳಿದೆ.

ಒಮ್ಮೆ ಅವರು ಬರೆದಿದ್ದರು. "ಸಿನಿಮಾ ಟಾಕೀಸಿನ ಲಿಫ್ಟಿನಲ್ಲಿ ಮದುಮಗ ಸಿಕ್ಕಿಹಾಕ್ಕೊಂಡ ಕಥೆ ಇದೆ. ಉದ್ದ ಇದೆ. ನೀವು ನಕ್ಕು ನಕ್ಕು ಸಾಯ್ತೀರಿ. ಒಂದು ದಿನ ಬರೀತೀನಿ."

ವರ್ಷಕ್ಕೊಮ್ಮೆ ಹಳೆಯ ವಾಲೆಟ್ ಅಳಿಸಿ ಹೊಸದು ಮಾಡಿಕೊಳ್ಳುವುದು ನಮ್ಮ ಕಚೇರಿಯ ನಿಯಮ. ಆ ಸೋಮವಾರ ಬೆಳಗ್ಗೆ ನಾನು ನನ್ನ ಹಳೆಯದನ್ನು ಅಳಿಸಿದೆ. ಹೊಸ ಪಬ್ಲಿಕ್ ಕೀಯನ್ನು ಲಿಫ್ಟಿನವರಿಗೆ ಮರುದಿನ ಕಳಿಸಿದರಾಯಿತು ಎಂದುಕೊಂಡೆ. ಅದೇ ಸಂಜೆ ಅವರಿಂದ ಒಂದು ಗಂಟು ಬಂತು. ಎಂದಿನದಕ್ಕಿಂತ ಹತ್ತು ಪಟ್ಟು ಉದ್ದ.

ಹೊಸ ಕೀಲಿ ಹಾಕಿದೆ. ತೆರೆಯಲಿಲ್ಲ.

ತೆರೆಯುವುದಾದರೂ ಹೇಗೆ? ಹಳೆಯ ಕೀಗೆ ಬೀಗ ಹಾಕಿರುತ್ತಾರೆ, ಅದನ್ನು ನಾನೇ ಬೆಳಗ್ಗೆ ಅಳಿಸಿಬಿಟ್ಟಿದ್ದೇನೆ. ಇನ್ನು ಲೋಕದಲ್ಲಿ ಯಾರೂ ಅದನ್ನು ಓದಲಾರರು. ಹೋದರೆ ಹೋಗಲಿ, ಟಾಕೀಸಿನ ಮದುಮಗನ ಕಥೆ ತಾನೇ, ಇನ್ನೊಂದು ಸಲ ಕಳಿಸಿ ಅನ್ನೋಣ ಎಂದುಕೊಂಡೆ. ಅಷ್ಟು ಅಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬುಧವಾರ ಲಿಫ್ಟಿನವರು ಬಾಗಿಲಲ್ಲಿ ನಿಂತಾಗ ನಾನು ಒಬ್ಬ ಗಿರಾಕಿಗೆ ಪಾಠ ಮಾಡುತ್ತಿದ್ದೆ. ನಿವೃತ್ತ ಮೇಷ್ಟ್ರು, ಪಾಪ, ಕೈಕಟ್ಟಿಕೊಂಡು ಕೇಳುತ್ತಿದ್ದರು. "ನೋಡಿ ಸರ್, ದುಡ್ಡಿಲ್ಲದವರನ್ನ ನಾನು ಒಪ್ತೀನಿ, ಬುದ್ಧಿ ಇಲ್ಲದವರನ್ನೂ ಒಪ್ತೀನಿ. ತಮ್ಮ ಕೀಲಿ ತಾವೇ ಕಳ್ಕೊಂಡವರನ್ನ ಮಾತ್ರ ಒಪ್ಪಲ್ಲ!"

"ಮೇಡಂ," ಎಂದರು ಲಿಫ್ಟಿನವರು ಮೆಲ್ಲಗೆ. "ಓದಿದ್ರಾ?"

ಮೇಷ್ಟ್ರು ನನ್ನ ಮುಖ ನೋಡಿದರು. ಅತ್ತಿಗೆ ನನ್ನ ಮುಖ ನೋಡಿದರು. ದೀಪದ ಬುಡದಲ್ಲೇ ಕತ್ತಲು ಎಂದು ಈ ಮೂವರೆದುರು ನಾನೇ ಹೇಗೆ ಹೇಳಲಿ?

"ಓದಿದೆ," ಎಂದೆ.

ಅಷ್ಟರಲ್ಲಿ ಫೋನ್ ಬಂದು ಅತ್ತಿಗೆ ಒಳಗಿನ ಕೋಣೆಗೆ ಹೋದರು. ಈಗ ನೆನೆದರೆ ಗೊತ್ತಾಗುತ್ತದೆ, ಅವತ್ತು ಲಿಫ್ಟಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. "ಏನನ್ನಿಸ್ತು?"

"ಏನನ್ನಿಸ್ಬೇಕು? ನಗು ಬಂತು." ಅವರ ಮುಖದಲ್ಲಿ ಏನೋ ಆಯಿತು. ಕಥೆಗಾರನಿಗೆ ನನ್ನ ನಗು ಸಾಲಲಿಲ್ಲವೇನೋ ಎಂದುಕೊಂಡು ಮೇಲೆ ಇನ್ನೊಂದು ಹಿಡಿ ಸುರಿದೆ. "ಬಿದ್ದು ಬಿದ್ದು ನಕ್ಕೆ ರೀ! ಅತ್ತಿಗೆಗೂ ಓದಿ ಹೇಳ್ದೆ. ಅವರೂ ನಕ್ಕರು."

ಅವರು ತಲೆಯಾಡಿಸಿ ಹೋದರು. ಸಹಿ ಕೇಳುವುದನ್ನೂ ಮರೆತರು.

ಅಲ್ಲಿಂದ ಮೂರು ವಾರ ಒಂದು ಸಾಲಿಲ್ಲ. ನನ್ನ ಹೊಸ ಕೀ ಕಳಿಸಿದೆ, ಉತ್ತರವಿಲ್ಲ. ಅವರ ಕೀಗೆ ಬೀಗ ಹಾಕಿ ಮೂರು ತಮಾಷೆ ಕಳಿಸಿದೆ, ಉತ್ತರವಿಲ್ಲ. ಓದಿದೆ ಅಂದ ಮೇಲೆ ಇನ್ನೊಂದು ಸಲ ಕಳಿಸಿ ಅನ್ನುವಂತೆಯೂ ಇಲ್ಲ, ಸುಮ್ಮನಿರುವಂತೆಯೂ ಇಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಓಡಾಡಿದೆ. ಇವತ್ತು ಬಂದರಲ್ಲ ಎಂದು ನಾನೇ ಓಡಿ ಹೋಗಿ, "ಯಾಕ್ರೀ ಬರೀತಾ ಇಲ್ಲ?" ಎಂದು ಕೇಳಿದ್ದೆ. ಅದಕ್ಕೆ ಸಿಕ್ಕ ಉತ್ತರವೇ ಮೊದಲು ಹೇಳಿದ್ದು.

*

"ಏನೇ ಇದು, ದೆವ್ವ ಕಂಡವಳ ಹಾಗೆ ನಿಂತಿದ್ದೀಯ?" ಎಂದು ಅತ್ತಿಗೆ ಕೈ ಹಿಡಿದು ಒಳಗೆ ಕೂರಿಸಿದರು. ನಾನು ಎಲ್ಲ ಹೇಳಿದೆ. ಎಂಟು ತಿಂಗಳಿನದೂ ಹೇಳಿದೆ.

ಅತ್ತಿಗೆ ಸೊಂಟಕ್ಕೆ ಕೈ ಇಟ್ಟರು. "ನಾನು ನಕ್ಕೆನಾ? ಯಾವಾಗ? ನನ್ನನ್ನ ಯಾಕೆ ಎಳೆದೆ ಮಧ್ಯಕ್ಕೆ?"

"ಸುಳ್ಳು ಗಟ್ಟಿಯಾಗ್ಲಿ ಅಂತ."

"ಗಟ್ಟಿಯಾಯ್ತಲ್ಲ, ಚೆನ್ನಾಗಿ! ಒಬ್ಬ ಗಂಡಸು ಹೆಂಡತಿಯಾಗ್ತೀಯಾ ಅಂತ ಕೇಳಿದ್ದಕ್ಕೆ ಮನೆಮಂದಿಯೆಲ್ಲ ಸೇರಿ ನಕ್ಕ ಹಾಗಾಯ್ತು!"

ನನಗೆ ಅಳು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. "ಈಗ ಹೋಗಿ ಓದಿಲ್ಲ ಅಂದ್ರೆ ಯಾರು ನಂಬ್ತಾರೆ? ಹಳೇ ಕೀಲಿ ಇದ್ದಿದ್ರೆ ತೆರೆದಾದ್ರೂ ನೋಡ್ತಿದ್ದೆ."

ಅತ್ತಿಗೆ ಸೆರಗು ಸರಿಪಡಿಸಿಕೊಂಡರು. ಅವರು ಹಾಗೆ ಮಾಡಿದರೆ ಏನೋ ಮುಚ್ಚಿಟ್ಟಿದ್ದಾರೆ ಎಂದು ಅರ್ಥ. ನಮ್ಮಿಬ್ಬರ ಹನ್ನೆರಡು ಪದಗಳನ್ನೂ ಸ್ಟೀಲಿನ ತಗಡಿನ ಮೇಲೆ ಕೊರೆಸಿ, ನನ್ನದನ್ನು ಅವರು, ಅವರದನ್ನು ನಾನು ಲಕೋಟೆಯಲ್ಲಿಟ್ಟು ಕಾಯುತ್ತೇವೆ. ವಾಲೆಟ್ ಅಳಿಸಿದ ದಿನ ತಗಡನ್ನೂ ಜಜ್ಜಿ ಹಾಳುಮಾಡಬೇಕು.

"ನಿನ್ನ ತಗಡು ಜಜ್ಜಿದೆ ಅಂದಿದ್ನಲ್ಲ," ಎಂದರು. "ಜಜ್ಜಿಲ್ಲ. ಅವತ್ತು ಸುತ್ತಿಗೆ ಸಿಗ್ಲಿಲ್ಲ."

ನಾನು ಅವರನ್ನು ತಬ್ಬಿಕೊಂಡೆ. ಬೀರು ತೆಗೆದು, ಲಕೋಟೆ ಹರಿದು, ಹನ್ನೆರಡು ಪದವನ್ನೂ ಒಂದೊಂದಾಗಿ ಒತ್ತಿದೆವು. ಹಳೆಯ ಕೀಲಿ ಜೀವ ತಳೆದು ಬಂತು. ಎಂಟು ತಿಂಗಳ ಸಣ್ಣ ಸಣ್ಣ ಪತ್ರಗಳೆಲ್ಲ ಒಂದೇ ಏಟಿಗೆ ತೆರೆದುಕೊಂಡವು. ಕೊನೆಯ ಉದ್ದದ ಗಂಟನ್ನು ಹಾಕಿದೆ.

ತೆರೆಯಲಿಲ್ಲ.

ಇನ್ನೊಂದು ಸಲ ಹಾಕಿದೆ. ಅತ್ತಿಗೆ ನನ್ನನ್ನು ಸರಿಸಿ ತಾವೇ ಹಾಕಿದರು. ಈ ಗಂಟು ಈ ಕೀಲಿಗೆ ಸೇರಿದ್ದೇ ಅಲ್ಲ ಎನ್ನುತ್ತಿತ್ತು ಯಂತ್ರ. ನನ್ನ ಹೊಸದಕ್ಕೂ ಅಲ್ಲ, ಹಳೆಯದಕ್ಕೂ ಅಲ್ಲ. ಹೊರಗಿನಿಂದ ನೋಡಿದರೆ ಅದು ಯಾರ ಬೀಗ ಎಂದು ತಿಳಿಯುವುದೂ ಇಲ್ಲ.

"ಇದು ನಿನಗೆ ಹಾಕಿದ ಬೀಗ ಅಲ್ಲವೇ," ಎಂದರು ಅತ್ತಿಗೆ. "ಅವನ ಫೋನಿನಲ್ಲಿ ಇನ್ನೆಷ್ಟು ಜನರ ಪಬ್ಲಿಕ್ ಕೀ ಇದೆಯೋ!"

 ಇಷ್ಟು ಹೊತ್ತು ನನ್ನ ತಪ್ಪಿಗೆ ಅಳುತ್ತಿದ್ದವಳು ಈಗ ಮುಖವಿಲ್ಲದ, ಹೆಸರಿಲ್ಲದ ಯಾರೋ ಒಬ್ಬಳ ಜುಟ್ಟು ಹಿಡಿಯಲು ಸಿದ್ಧಳಾದೆ. ಫೋನ್ ಮಾಡಿದರೆ ಸಂಪರ್ಕವೇ ಸಿಗಲಿಲ್ಲ, ಲಿಫ್ಟಿನ ಗುಂಡಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು?

"ಹೋಗಿ ಕೇಳು," ಎಂದರು ಅತ್ತಿಗೆ. "ಆದ್ರೆ ಜಗಳಕ್ಕೆ ಮೊದ್ಲು ಓದಿಲ್ಲ ಅಂತ ಹೇಳು. ಅದು ಮೊದ್ಲು."

*

ಮೂವತ್ತೆರಡು ವರ್ಷದವಳು ಹಾಡಹಗಲಲ್ಲಿ ಪಾರ್ಕಿನೊಳಗೆ ಓಡಿದರೆ ನಾಯಿಗಳು ಹಿಂದೆ ಬೀಳುತ್ತವೆ. ಎರಡು ಬಿದ್ದವು. ಕ್ಲಿನಿಕ್ಕಿನ ಕಟ್ಟಡ ತಲುಪುವಾಗ ನನಗೆ ಉಸಿರೇ ಇರಲಿಲ್ಲ.

ಅಲ್ಲಿಯದು ಓಬೀರಾಯನ ಕಾಲದ ಲಿಫ್ಟು. ಪ್ರತಿ ಮಹಡಿಯಲ್ಲೂ ಮಡಚುವ ಕಂಬಿ ಬಾಗಿಲು, ಒಳಗಿನದೆಲ್ಲ ಕಾಣುತ್ತದೆ, ಕೆಳಗೆ ಸೀನಿದರೆ ಮೇಲೆ ಕೇಳುತ್ತದೆ. ಕೆಳಗೆ 'ದುರಸ್ತಿಯಲ್ಲಿದೆ' ಎಂದು ಹಲಗೆ ತೂಗುಹಾಕಿತ್ತು. ಮೆಟ್ಟಿಲು ಹತ್ತಿದೆ. ಮೂರನೇ ಮಹಡಿಯ ಕಣ್ಣಿನ ಆಸ್ಪತ್ರೆಯ ಮುಂದೆ ಕಣ್ಣಿಗೆ ಔಷಧಿ ಹಾಕಿಸಿಕೊಂಡವರು ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದರು. ಐದನೆಯದಕ್ಕೆ ಬಂದು ಕಂಬಿಯೊಳಗೆ ಬಗ್ಗಿ ನೋಡಿದೆ. ಕೆಳಗೆ ಮೂರು ನಾಲ್ಕನೇ ಮಹಡಿಗಳ ನಡುವೆ, ಲಿಫ್ಟಿನ ನೆತ್ತಿಯ ಮೇಲೆ, ಹೆಲ್ಮೆಟ್ಟಿನ ದೀಪ ಹಚ್ಚಿಕೊಂಡು ಅವರು ಹಳಿಗೆ ಎಣ್ಣೆ ಸವರುತ್ತಿದ್ದರು.

"ರೀ!"

ದೀಪ ಮೇಲೆ ತಿರುಗಿತು. "ಮೇಡಂ? ಕಂಬಿಗೆ ಮುಖ ಒತ್ತಬೇಡಿ, ಹಿಂದೆ ಸರೀರಿ!"

"ನಾನು ಓದಿಲ್ಲ!"

"ಏನು?"

"ನಿಮ್ಮ ಪತ್ರ! ನಾನು ಓದೇ ಇಲ್ಲ! ಅದು ತೆರೀಲೇ ಇಲ್ಲ!"

ನನ್ನ ದನಿ ಗುಂಡಿಯೊಳಗೆ ಬಿದ್ದು ಮಹಡಿ ಮಹಡಿಗೂ ತಾಗಿ ತಿರುಗಿ ಬಂತು.  

ಕೆಳಗೆ ಅವರು ಎಣ್ಣೆಯ ಡಬ್ಬಿ ಪಕ್ಕಕ್ಕಿಟ್ಟರು.

"ಮೇಡಂ, ಸಮಾಧಾನ ಮಾಡೋಕೆ ಈಗ ಇನ್ನೊಂದು ಸುಳ್ಳು ಬೇಡ," ಎಂದರು ಅವರು. "ಊರಿನವರ ವಾಲೆಟ್ಟೆಲ್ಲ ತೆಗೆಯೋರಿಗೆ ನನ್ನ ಪತ್ರ ತೆರೀಲಿಲ್ವಾ?"

"ತೆರೀಲಿಲ್ಲ! ಹೊಸ ಕೀಲಿಗೂ ತೆರೀಲಿಲ್ಲ, ಹಳೇದಕ್ಕೂ ತೆರೀಲಿಲ್ಲ. ಯಾರಿಗ್ರೀ ಬರೆದಿದ್ದು ಅದನ್ನ?"

"ಹೌದು, ಯಾರಿಗೆ?" ಎಂದಿತು ಮೂರನೇ ಮಹಡಿಯಿಂದ ಒಂದು ಹೆಂಗಸಿನ ದನಿ. ಕಣ್ಣಿನ ಆಸ್ಪತ್ರೆಯ ನರ್ಸಮ್ಮ ಕಂಬಿಯ ಹತ್ತಿರ ಬಂದು ನಿಂತಿದ್ದರು.

"ನಿಮಗಲ್ದೆ ಇನ್ಯಾರಿಗೆ ಬರೀಲಿ?" ಲಿಫ್ಟಿನವರ ದನಿ ಒಡೆಯಿತು. "ಆಗ ನನ್ನ ಹತ್ರ ಇದ್ದಿದ್ದೇ ಎರಡು ಪಬ್ಲಿಕ್ ಕೀ. ಒಂದು ನಿಮ್ಮದು, ಒಂದು ನನ್ನದು."

ನನ್ನ ತಲೆಯೊಳಗೆ ದೀಪ ಹತ್ತಿತು. ಹತ್ತಿದ್ದಕ್ಕೆ ಸಂತೋಷಪಡಬೇಕೋ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ನಿಮ್ಮ ಕೀಲಿ ಹಾಕಿ ನೋಡಿ," ಎಂದೆ. "ನೀವು ನನಗೆ ಕಳಿಸಿದ್ದನ್ನೇ. ಈಗಲೇ."

ಅವರು ಕೈಗವಸು ತೆಗೆದರು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನ್ ತೆಗೆದರು. ಫೋನಿನ ಬೆಳಕು ಅವರ ಗಲ್ಲದ ಮೇಲೆ ಬಿತ್ತು. 

"ಅಯ್ಯೋ," ಎಂದರು.

"ತೆರೀತಾ?"

"ತೆರೀತು." ಅವರು ಲಿಫ್ಟಿನ ನೆತ್ತಿಯ ಮೇಲೇ ಕುಕ್ಕರಿಸಿ ಕುಳಿತುಬಿಟ್ಟರು. "ಹದಿನೈದು ದಿನ ತಿದ್ದಿದ್ದೆ ಮೇಡಂ. ವರ್ಕ್‌ಶಾಪಿನಲ್ಲಿ ನನ್ನ ಫೋನು ಎಲ್ಲರ ಕೈಗೂ ಹೋಗುತ್ತೆ. ಯಾರೂ ನೋಡ್ಬಾರದು ಅಂತ ದಿನಾ ಬರೆದಾದ್ಮೇಲೆ ನನ್ನ ಕೀಗೇ ಬೀಗ ಹಾಕಿ ಇಡ್ತಿದ್ದೆ. ಕೊನೇಗೆ ಬಿಚ್ಚಿ ನಿಮ್ಮದಕ್ಕೆ ಹಾಕ್ಬೇಕಿತ್ತು. ಗಾಬರಿಯಲ್ಲಿ ಮರೆತೆ. ಅದನ್ನೇ ಕಳಿಸಿಬಿಟ್ಟಿದ್ದೀನಿ."

ನನಗೆ ಬರೆದ ಪತ್ರವನ್ನು ಲೋಕದಲ್ಲಿ ಅವರೊಬ್ಬರು ಮಾತ್ರ ಓದಬಹುದಾಗಿತ್ತು. ಮೂರು ವಾರ ಅದು ನನ್ನ ಫೋನಿನಲ್ಲೇ ಬಿದ್ದಿತ್ತು. 

"ತಪ್ಪು ನನ್ನದೇ," ಎಂದರು ಅವರು. ಸ್ವಲ್ಪ ತಡೆದು, "ಆದ್ರೆ ತೆರೀಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಮೇಡಂ. ಮೂರು ವಾರ ನನಗೆ ಕನ್ನಡಿ ನೋಡೋಕೂ ನಾಚಿಕೆ."

 "ಮಾನ ಹೋಗುತ್ತೆ ಅಂತ ಹೇಳ್ಲಿಲ್ಲ," ಎಂದೆ. "ಬೀಗ ತೆಗೆಯೋಳಿಗೇ ಬೀಗ ತೆರೀಲಿಲ್ಲ ಅಂದ್ರೆ ಜನ ಏನಂತಾರೆ ಅಂತ. ನನ್ನ ಜಂಬಕ್ಕೆ ನಿಮ್ಮ ಮಾನ ಕಳೆದೆ. ತಪ್ಪು ನಂದು. ನಂದೇ." ಹೀಗೆ ಗಟ್ಟಿಯಾಗಿ, ಆರು ಮಹಡಿಗೆ ಕೇಳುವಂತೆ, ನಾನು ಹಿಂದೆಂದೂ ಹೇಳಿದವಳಲ್ಲ. "ಈಗ ಓದ್ರೀ."

"ಇಲ್ಲೇನಾ? ಎಲ್ಲರೂ ಕೇಳಿಸ್ಕೊಳ್ತಾರೆ."

"ಕೇಳಿಸ್ಕೊಳ್ಳಲಿ. ಬೀಗ ಹಾಕಿ ಆದದ್ದು ಸಾಕು."

"ಓದಪ್ಪ," ಎಂದರು ಕಣ್ಣು ಮುಚ್ಚಿ ಕೂತವರಲ್ಲಿ ಯಾರೋ ಅಜ್ಜ. "ನಮಗೂ ಬೇರೆ ಕೆಲಸ ಇಲ್ಲ."

ಅವರು ಗಂಟಲು ಸರಿಮಾಡಿಕೊಂಡರು. ಓದತೊಡಗಿದಾಗ ದನಿ ಸಣ್ಣದಿತ್ತು. ಆದರೆ ಆ ಗುಂಡಿ ಅದನ್ನು ಎತ್ತಿ ಎತ್ತಿ ಮೇಲೆ ಕೊಟ್ಟಿತು.

"ಮೇಡಂ, ಇದು ಟಾಕೀಸಿನ ಕಥೆ ಅಲ್ಲ. ಅದನ್ನ ಇನ್ನೊಂದ್ಸಲ ಬರೀತೀನಿ. ನಿಮ್ಮ ಕಟ್ಟಡದ ಲಿಫ್ಟು ಕೆಡೋದು ತಿಂಗಳಿಗೆ ಒಂದು ಸಲ. ನಾನು ಬಂದಿರೋದು ತಿಂಗಳಿಗೆ ನಾಲ್ಕು ಸಲ. ಇದು ನಮ್ಮ ಕಂಪನಿಗೆ ಗೊತ್ತಾಗ್ಬಾರದು. ನಾನು ಹೆಚ್ಚು ಓದಿದವನಲ್ಲ. ದಿನಾ ಜನರನ್ನ ಮೇಲೆ ಕೆಳಗೆ ಕಳಿಸ್ತೀನಿ, ನಾನು ಮಾತ್ರ ಇದ್ದಲ್ಲೇ ಇದ್ದೀನಿ. ನಿಮಗೆ ಸಿಟ್ಟು ಬೇಗ ಬರುತ್ತೆ, ತಪ್ಪು ಒಪ್ಕೊಳ್ಳೋದು ನಿಧಾನ. ಎಂಟು ತಿಂಗಳು ನೋಡಿದ್ದೀನಿ, ನನಗೆ ಪರವಾಗಿಲ್ಲ."

ಮೂರನೇ ಮಹಡಿಯಲ್ಲಿ ನರ್ಸಮ್ಮ, "ಸರಿಯಾಗೇ ನೋಡಿದ್ದಾರೆ," ಎಂದರು. ಯಾರೋ ಅವರನ್ನು ಸುಮ್ಮನಾಗಿಸಿದರು.

"ಅಮ್ಮಂಗೆ ನಿಮ್ಮ ವಿಷಯ ಹೇಳಿದೆ. ಏನು ಕೆಲಸ ಮಾಡ್ತಾಳೆ ಅಂದ್ರು. ಜನ ಕಳ್ಕೊಂಡಿದ್ದನ್ನ ಹುಡುಕಿ ಕೊಡ್ತಾರೆ ಅಂದೆ. ಹಾಗಾದ್ರೆ ನಿನ್ನನ್ನೂ ಹುಡುಕಿ ಕೊಡ್ಲಿ ನನಗೆ, ಮನೇಲಿದ್ರೂ ಸಿಗಲ್ಲ ನೀನು ಈಗೀಗ, ಅಂದ್ರು. ಅದಕ್ಕೇ ಕೇಳ್ತಾ ಇದ್ದೀನಿ. ನನ್ನನ್ನ ಮದುವೆ ಆಗ್ತೀರಾ? ಇಲ್ಲ ಅಂದ್ರೂ ನಿಮ್ಮ ಲಿಫ್ಟ್ ನಾನೇ ನೋಡ್ಕೊಳ್ತೀನಿ, ಅದಕ್ಕೇನೂ ತೊಂದರೆ ಮಾಡಲ್ಲ. ಬೈದ್ರೂ ತಡ್ಕೊಳ್ತೀನಿ. ಒಂದೇ ಒಂದು ಕೇಳ್ಕೊಳ್ತೀನಿ ಮೇಡಂ. ಇದನ್ನ ಓದಿ..."

ಅವರು ನಿಲ್ಲಿಸಿದರು.

"ಓದ್ರೀ," ಎಂದೆ.

"ಇದನ್ನ ಓದಿ ನಗಬೇಡಿ. ಅದೊಂದು ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಫೋನಿನ ಬೆಳಕು ಆರಿತು.

ನಾನು ಬಾಯಿಗೆ ಕೈ ಒತ್ತಿಕೊಂಡೆ. ಬುಧವಾರ ಬಾಗಿಲಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತ ಮನುಷ್ಯನಿಗೆ ನಾನು ಹೇಳಿದ್ದು ಇದೊಂದನ್ನೇ, ಬೇಡ ಅಂದದ್ದೊಂದನ್ನೇ. ಅದೂ ಬಿದ್ದು ಬಿದ್ದು ನಕ್ಕೆ ಎಂದು. ಇಷ್ಟಾದರೂ ಅವರು ನನ್ನ ಮೇಲೆ ದನಿ ಎತ್ತಿರಲಿಲ್ಲ, ನಗೋ ಹಾಗೇ ಬರೆದಿದ್ದೆ ಅನ್ಸುತ್ತೆ ಎಂದು ತಪ್ಪನ್ನೂ ತಮ್ಮ ಮೇಲೇ ಹಾಕಿಕೊಂಡು ಹೋಗಿದ್ದರು. ನಾನು ಅತ್ತೆ. ನಾಚಿಕೆಯಿಲ್ಲದೆ, ಕಂಬಿ ಹಿಡಿದುಕೊಂಡು, ಮೂಗು ಸುರಿಯುವಂತೆ ಅತ್ತೆ.

"ಮೇಡಂ? ಇದ್ದೀರಾ?"

"ಹೂಂ."

"ಏನು? ಕೇಳಿಸ್ಲಿಲ್ಲ."

"ಹೂಂ ಅಂದೆ! ಆಗ್ತೀನಿ ಅಂದೆ! ಮದುವೆ ಆಗ್ತೀನಿ!"

ಗುಂಡಿ ಅದನ್ನು ನಾಲ್ಕು ಸಲ ಹೇಳಿತು. "ಆಗ್ತಾಳಂತೆ ಅಜ್ಜ," ಎಂದು ನರ್ಸಮ್ಮ ಐದನೇ ಸಲ ಹೇಳಿದರು. "ಕೇಳಿಸ್ತಮ್ಮ, ನನಗೆ ಕಣ್ಣು ಮಾತ್ರ ಕಾಣ್ಸಲ್ಲ," ಎಂದರು ಅಜ್ಜ.

 ಕೆಳಗಿನಿಂದ ಯಂತ್ರ ಗುಂಯ್ ಎಂದಿತು. ನೆತ್ತಿಯ ಮೇಲೆ ನಿಂತು ನಡೆಸುವಾಗ ಲಿಫ್ಟು ಇರುವೆಯ ವೇಗದಲ್ಲಿ ಮಾತ್ರ ಏರುತ್ತದೆಯಂತೆ, ಅದು ಸುರಕ್ಷತೆಯ ನಿಯಮ. ಆ ನಿಯಮ ಮಾಡಿದವರನ್ನು ನಾನು ಮನಸಾರೆ ಶಪಿಸಿದೆ. ಮೊದಲು ಹೆಲ್ಮೆಟ್ಟು ಬಂತು. ಆಮೇಲೆ ಹಣೆ. ಆಮೇಲೆ ಕಣ್ಣು, ಅವೂ ಒದ್ದೆಯಾಗಿದ್ದವು. ಅವರ ಮುಖ ನನ್ನ ಮುಖದ ಎದುರಿಗೆ ಬಂದಾಗ ಲಿಫ್ಟು ನಿಂತಿತು. ನಡುವೆ ಕಂಬಿಗಳು ಮಾತ್ರ ಇದ್ದವು.

"ಇನ್ನೊಂದ್ಸಲ ಹೇಳ್ತೀರಾ?" ಎಂದರು.

ಈಗ ಕೂಗಬೇಕಾಗಿರಲಿಲ್ಲ. ಮೆಲ್ಲಗೆ ಹೇಳಿದೆ. ಅವರ ಕಿವಿ ಕೆಂಪಗಾಯಿತು.

"ನಾಳೆಯ ರೈಲು?" ಎಂದೆ.

"ಹೋಗ್ಲಿ ಬಿಡಿ. ಅದು ದಿನಾ ಹೋಗುತ್ತೆ."

ಬಾಗಿಲಿನ ಚಿಲಕ ಅವರ ಕಡೆಗಿತ್ತು. ಅದರ ಮೇಲೆ ಕೈ ಇಟ್ಟು, ತೆಗೆಯುವುದನ್ನು ಮರೆತು, ಅವರು ನನ್ನನ್ನೇ ನೋಡುತ್ತ ನಿಂತಿದ್ದರು. ಕೆಳಗಿನಿಂದ ಯಾರೋ ಕೂಗಿದರು. "ಏನ್ರೀ ಅದು, ಲಿಫ್ಟ್ ಆಯ್ತಾ ಇಲ್ವಾ?"

"ಐದು ನಿಮಿಷ!" ಎಂದು ಅವರು ಕೂಗಿ ಹೇಳಿದರು.

"ಹತ್ತು ಅನ್ನಿ," ಎಂದೆ ನಾನು.